ಅರ್ಧ ಮುಖದ ಕಪ್ಪು

ಸೀತಿ, ನಿನ್ನ ಆ ಬಟ್ಟೆಯನ್ನು ಹಾಳು ಮಾಡಿದ್ದು ಮಸ್ಕಿಯ ಬಿಸಿಲಲ್ಲ — ನಾನು, ನಿನ್ನ ಅತ್ತೆ. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡು ಕುಂತೆ.

ಹೊರದೇಶಕ್ಕೆ ಬಟ್ಟೆ ಹೊಲಿಯಲು ಹೋದ ನನ್ನ ಮಗ, ಜಾವಾದ ನಿನ್ನನ್ನು ನಿಕಾ ಮಾಡಿಕೊಂಡು ಬಂದಾಗ ಓಣಿಯೆಲ್ಲ ನೋಡಲು ಬಂತು. ನಿನ್ನ ಪೆಟ್ಟಿಗೆಯಲ್ಲಿ ಬಂಗಾರ ಇರಲಿಲ್ಲ. ಮೇಣದ ಗಡ್ಡೆ, ಕೊಕ್ಕಿನಂಥ ಮೂತಿಯ ತಾಮ್ರದ ಪುಟ್ಟ ಕುಡಿಕೆ. ಬಿಸಿ ಮೇಣದಿಂದ ಬಟ್ಟೆಯ ಮೇಲೆ ಬರೆದು, ಮೇಣ ಇದ್ದಲ್ಲಿ ಬಣ್ಣ ಹತ್ತುವುದಿಲ್ಲ ಎಂದು ತೋರಿಸಿದಿ. ಅದು ನಿನ್ನ ಅಜ್ಜಿ ಕಲಿಸಿದ ವಿದ್ಯೆ. ನೆರಳು ಬೆಳಕು ಹಾಕಿ ಮುಖ ಉಬ್ಬಿ ಬಂದಂತೆ ಬರೆಯುವುದು ಮಾತ್ರ ಬಿಳಿಯರ ಚಿತ್ರ ನೋಡಿ ಕಾಲೇಜಿನಲ್ಲಿ ಕಲಿತದ್ದು ಅಂದಿ. ನನಗೆ ಎರಡೂ ತಿಳಿಯಲಿಲ್ಲ.

ಆದರೂ ನನ್ನ ಮುಖ ಬರೆಯಲಿ ಎಂದು ನಿನ್ನ ಮುಂದೆ ಕುಂತೆ. ಬಾಗಿಲಲ್ಲಿ, ಅಕ್ಕಿ ಹಸನು ಮಾಡುತ್ತ, ಎಂಟು ದಿನ. ಮೇಣವನ್ನು ಮುದುಡಿ ಬಿರುಕು ಬಿಡಿಸಿ, ಆ ಬಿರುಕಿನಲ್ಲಿ ಬಣ್ಣ ಇಳಿಸಿ ನನ್ನ ಸುಕ್ಕು ಬರೆದಿ. ಕೊನೆಗೊಮ್ಮೆ ನೀಲಿ ಬಣ್ಣದಲ್ಲಿ ಅದ್ದುವುದೊಂದೇ ಬಾಕಿ ಇತ್ತು. ಸಿಂಧನೂರಿನ ಒಬ್ಬ ಡ್ರಾಯಿಂಗ್ ಮಾಸ್ತರರಿಗೆ ಅದನ್ನು ತೋರಿಸಬೇಕಿತ್ತು. ಅವರು ಮೆಚ್ಚಿದರೆ ಮಕ್ಕಳಿಗೆ ಚಿತ್ರ ಕಲಿಸುವ ಕೆಲಸ ನಿನಗೆ.

ಪಕ್ಕದ ಮನೆಯ ಶಾಂತಮ್ಮ ಬಂದು ನೋಡಿದಳು. ಮುಖದ ಒಂದು ಕಡೆ ಬೆಳಕು, ಇನ್ನೊಂದು ಕಡೆ ಕಪ್ಪು. ಕಿಸಕ್ಕನೆ ನಕ್ಕಳು. "ಏನಬೇ ಖಾಜಾಬಿ, ಸೊಸಿ ನಿನ್ನ ಮುಖಕ್ಕ ಮಸಿ ಬಳದಾಳಲ್ಲ!"

ಅಷ್ಟೇ. ಅದೊಂದು ಮಾತು. ನಿನ್ನನ್ನು ಕೇಳಬಹುದಿತ್ತು — ಕೇಳಲಿಲ್ಲ. ಮರುದಿನ ನೀನು ಕೂಸನ್ನು ಎತ್ತಿಕೊಂಡು ಲಿಂಗಸುಗೂರಿನ ದವಾಖಾನೆಗೆ ಹೋದಿ. ನಾನು ಬಟ್ಟೆಯನ್ನು ಮಾಳಿಗೆಗೆ ಒಯ್ದು ಕಾದ ಬಂಡೆಯ ಮೇಲೆ ಹಾಸಿದೆ. ಮೇಣ ಬೆಣ್ಣೆಯಂತೆ ಹರಿಯಿತು. ನೋಡುತ್ತ ನಿಂತೆ. ನೀನು ಬರುವುದರೊಳಗೆ ಮತ್ತೆ ಒಳಗೆ ತಂದು ನೇತುಹಾಕಿದೆ.

ನೀನು ಅಳಲಿಲ್ಲ. ಉಳಿದರೆ ಉಳಿಯಲಿ ಎಂದು ಕೊನೆಯ ನೀಲಿಯಲ್ಲಿ ಅದ್ದಿದಿ — ನೀಲಿ ಚಿತ್ರದ ಕಣ್ಣೊಳಗೆಲ್ಲ ಇಳಿಯಿತು. "ತಪ್ಪು ನಂದು, ಅಮ್ಮಾ. ನನ್ನ ಮೇಣ ಈ ಊರ ಬಿಸಿಲಿಗೆ ತಾಳಲಿಲ್ಲ" ಅಂದಿ.

ಆಗ ಹೇಳಬೇಕಿತ್ತು. "ಹೋಗ್ಲಿ ಬಿಡು, ಚಾ ಕುಡಿ" ಅಂದೆ.

ಸಿಂಧನೂರಿಗೆ ನೀನು ಹೋಗಲಿಲ್ಲ. ಅಂದಿನಿಂದ ಒಂದು ಮುಖವನ್ನೂ ಬರೆದಿಲ್ಲ. ಓಢಣಿಯ ಅಂಚಿಗೆ ಹೂವು, ಬಳ್ಳಿ, ಮತ್ತೆ ಹೂವು...

ಮೊನ್ನೆ ನಿನ್ನ ಮಗಳು ಅದೇ ಬಾಗಿಲಲ್ಲಿ ನನ್ನ ಫೋಟೊ ಹೊಡೆದಳು. ಫೋನಿನಲ್ಲಿ ನೋಡಿದರೆ ಅರ್ಧ ಮುಖ ಕಪ್ಪು. ಹಿಂಗ್ಯಾಕ ಅಂದೆ.

"ಬೆಳಕು ಒಂದ ಕಡಿಂದ ಬಂದ್ರ ಎಲ್ಲಾರದೂ ಹಾಂಗ ಬರ್ತದ, ದಾದಿಮಾ."

ಫೋನು ನೋಡಿ ಈಗ ಬುದ್ಧಿ ಬಂತು ಎನ್ನಲಾರೆ. ಮಾಡುತ್ತಿರುವುದು ತಪ್ಪೆಂದು ಮಾಳಿಗೆಯ ಮೇಲೆ ಬಟ್ಟೆ ಹಾಸುವಾಗಲೇ ಗೊತ್ತಿತ್ತು — ಇಲ್ಲದಿದ್ದರೆ ಯಾರಾದರೂ ನೋಡುತ್ತಾರೇನೋ ಎಂದು ಸುತ್ತಲೂ ಯಾಕೆ ನೋಡಿದೆ?

ಮೂರನೆಯ ಕ್ಲಾಸು ಕಲಿತ ಕೈ. ಇಷ್ಟು ಬರೆಯಲು ನಾಲ್ಕು ದಿನ ಹಿಡಿಯಿತು. ನಿನಗೆ ಕನ್ನಡ ಓದಲು ಬರುವುದಿಲ್ಲ. ಮಗಳು ಓದಿ ಹೇಳುತ್ತಾಳೆ. ದಾದಿಮಾ ಎಂಥವಳೆಂದು ಅವಳಿಗೂ ಗೊತ್ತಾಗುತ್ತದೆ — ಗೊತ್ತಾಗಲಿ.

ನಾನು ಬಾಗಿಲಲ್ಲೇ ಕುಂತಿರುತ್ತೇನೆ. ನನ್ನ ಮುಖ ಮತ್ತೆ ಬರೆಯುವುದು, ಬಿಡುವುದು ನಿನ್ನ ಮರ್ಜಿ. ಬರೆದರೆ, ಕಪ್ಪು ಕಡಿಮೆ ಮಾಡಬೇಡ.