ಕಾಲು ತಾಗಿದ ರೈಫಲ್

ನಾನು ರೈಫಲ್ ಕೊಳ್ಳುತ್ತೇನೆ ಎಂದಾಗ ಮೈಸೂರಿನಲ್ಲಿರುವ ಅಕ್ಕ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಳು. ಜಿರಳೆ ಕಂಡರೆ ಮಂಚ ಹತ್ತುತ್ತಿದ್ದ ತಮ್ಮ ಬಂದೂಕು ಹಿಡಿಯುವುದೆಂದರೆ ಅವಳಿಗೆ ಹಬ್ಬ. ಹೆಂಡತಿ ಮಾತ್ರ ನಗಲಿಲ್ಲ. ಮಗ ಓದಲೆಂದು ಅಡಿಲೇಡ್‌ಗೆ ಹೋದ ಮೇಲೆ ಬ್ರಿಸ್ಬೇನ್ ಪಕ್ಕದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ನಮ್ಮ ಮನೆಯಲ್ಲಿ ಅವನ ಕೋಣೆ ಖಾಲಿ ಬಿದ್ದಿತ್ತು. ಬಂದೂಕು ಇಟ್ಟು ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆಯನ್ನು ಅಲ್ಲಿ ಕೂರಿಸಬಹುದು ಎಂದೆ.

"ಮಗು ಮಲಗೋ ರೂಮಲ್ಲಿ ಗನ್ ಇಡ್ತೀರಾ?" ಎಂದು ಕೇಳಿದಳು. ಮಗುವಿಗೆ ಆಗಲೇ ಗಡ್ಡ ಬಂದಿತ್ತು.

ಈ ಚಪಲ ಹುಟ್ಟಿದ್ದು ಪರ್ತ್‌ನಲ್ಲಿ. ಗಣಿ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದಾಗ ಸೋಮವಾರ ಬಂತೆಂದರೆ ಜೊತೆಯವರೆಲ್ಲ ಕಾಫಿ ಹಿಡಿದು ಬಂದೂಕು, ಗುರಿ ಎಂದು ಮಾತಾಡುತ್ತಿದ್ದರು. ನಾನು ಗೊತ್ತಿದ್ದವನಂತೆ ತಲೆಯಾಡಿಸುತ್ತಾ ನಿಲ್ಲುತ್ತಿದ್ದೆ. ಆ ಮಾತಿನೊಳಗೆ ಒಂದು ಸಲವಾದರೂ ನುಗ್ಗಬೇಕು ಎಂಬ ಆಸೆ ಬ್ರಿಸ್ಬೇನ್‌ಗೆ ಬಂದ ಮೇಲೂ ಬಿಡಲಿಲ್ಲ. ತರಬೇತಿ ಮುಗಿಸಿದೆ, ಕ್ಲಬ್ ಸೇರಿದೆ, ಲೈಸೆನ್ಸ್‌ಗೆ ಕಾದೆ. ಆಗಲೇ ಐವತ್ತು ದಾಟಿತ್ತು.

ಅಂಗಡಿಯಲ್ಲಿ ಹೊಸ ರೈಫಲ್‌ಗಳು ಮಿರಮಿರ ಮಿಂಚುತ್ತಿದ್ದವು. ನನ್ನ ಕಣ್ಣು ಬಿದ್ದದ್ದು ಮೂಲೆಯ ಸೆಕೆಂಡ್ ಹ್ಯಾಂಡ್ ಸಾಲಿನಲ್ಲಿದ್ದ ಒಂದು ಲಿವರ್ ಆಕ್ಷನ್ ಮೇಲೆ. ಟ್ರಿಗರ್ ಸುತ್ತ ಇರುವ ಲೋಹದ ಹಿಡಿಯನ್ನು ಕೆಳಕ್ಕೆ ತಳ್ಳಿದರೆ ಸುಟ್ಟ ಗುಂಡಿನ ಖಾಲಿ ಕವಚ ಹೊರಗೆ ಹಾರುತ್ತದೆ, ಮೇಲಕ್ಕೆಳೆದರೆ ಹೊಸ ಗುಂಡು ಒಳಗೆ ಕೂರುತ್ತದೆ. ಕೆನ್ನೆ ಒರಗಿಸುವ ಮರದ ಭಾಗದಲ್ಲಿ ಬಲಬದಿಯ ಪಾಲಿಶ್ ಸವೆದಿತ್ತು. ಹಿಂದಿನ ಯಜಮಾನ ಎಡಚನಿರಬೇಕು. ಯಾರೋ ವರ್ಷಗಟ್ಟಲೆ ಕೆನ್ನೆಯಿಟ್ಟ ಆ ಜಾಗ ನೋಡಿಯೇ ನಾನು ಸೋತೆ.

ಹೆಂಡತಿ ಒಂದು ಷರತ್ತು ಹಾಕಿದಳು. "ಒಂದ್ಸಲ ನಾನೂ ಬಂದು ನೋಡ್ತೀನಿ. ನಂಗೆ ಸರಿ ಅನ್ನಿಸ್ಲಿಲ್ಲ ಅಂದ್ರೆ ಮಾರ್ಬಿಡ್ಬೇಕು, ಆಯ್ತಾ?"

ಆಯ್ತು ಎಂದೆ. ಕಳೆದ ತಿಂಗಳು ಒಂದು ಶನಿವಾರ ಅವಳನ್ನು ಊರಾಚೆಯ ಕ್ಲಬ್ಬಿಗೆ ಕರೆದುಕೊಂಡು ಹೋದೆ.

ಅಲ್ಲಿ ನೆಲಕ್ಕೆ ಚಾಪೆ ಹಾಸಿ, ಬೋರಲು ಮಲಗಿ ಗುಂಡು ಹೊಡೆಯಬೇಕು. ಉಸ್ತುವಾರಿಗೆ ಒಬ್ಬ ಹಿರಿಯ ಅಧಿಕಾರಿ. ಅವರು ಸೀಟಿ ಊದಿದರೆ ಎಲ್ಲರೂ ರೈಫಲ್ ಖಾಲಿ ಮಾಡಿ, ಲಿವರ್ ತೆರೆದು, ಚಾಪೆಯ ಮೇಲಿಟ್ಟು ಹಳದಿ ಗೆರೆಯ ಹಿಂದಕ್ಕೆ ಬರಬೇಕು. ಆಮೇಲೆ ಜನ ಗುರಿಹಲಗೆಯತ್ತ ನಡೆದು ಹೋಗುತ್ತಾರೆ. ಮುಂದೆ ಜನರಿರುವಾಗ ಖಾಲಿ ಬಂದೂಕಿಗೂ ಯಾರೂ ಬೆರಳು ತಾಗಿಸುವಂತಿಲ್ಲ. ಅವಳಿಗೆ ಧೈರ್ಯ ಬಂದದ್ದು ಈ ನಿಯಮ ಕೇಳಿಯೇ.

ನನ್ನ ಗುಂಡುಗಳು ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋದವು. ಒಮ್ಮೆ ಲಿವರ್ ಅರ್ಧಕ್ಕೇ ಎಳೆದದ್ದರಿಂದ ಗುಂಡು ಸಿಕ್ಕಿಹಾಕಿಕೊಂಡಿತು. ಆಮೇಲೆ ಅಧಿಕಾರಿ ಪಕ್ಕದಲ್ಲೇ ಕೂತು ಅವಳ ಕೈಯಲ್ಲೂ ಹೊಡೆಸಿದರು. ಅವಳ ಗುಂಡು ಕಾಗದಕ್ಕೆ ನೆಟ್ಟಗೆ ಬಿತ್ತು.

"ರೀ, ತಾಗಿದೆ ನೋಡಿ," ಎಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿದ್ದು ಕಡಿಮೆ. ರೈಫಲ್ ಉಳಿಯಿತು ಎಂದುಕೊಂಡೆ.

ಸೀಟಿ ಕೇಳಿತು. ತನ್ನ ಕಾಗದ ತರಲು ಅವಳು ಉಳಿದವರ ಜೊತೆ ಹೊರಟಳು. ನಾನು ಚಾಪೆಯ ಬಳಿ ಮರೆತಿದ್ದ ನೀರಿನ ಬಾಟಲಿ ಎತ್ತಿಕೊಂಡು ಗೆರೆಯ ಹಿಂದಕ್ಕೆ ಮರಳುವಾಗ ನನ್ನ ಬೂಟು ಚಾಪೆಯ ಮೇಲಿದ್ದ ರೈಫಲ್‌ಗೆ ತಾಗಿತು. ಪುಸ್ತಕಕ್ಕೋ ಅಕ್ಕಿ ಮೊರಕ್ಕೋ ಕಾಲು ತಾಗಿದರೆ ನಮ್ಮ ಕೈ ಯಾರ ಅಪ್ಪಣೆಗೂ ಕಾಯುವುದಿಲ್ಲ. ಬಗ್ಗಿದೆ, ಬಲಗೈಯಿಂದ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಅಧಿಕಾರಿಯ ಕೂಗಿಗೆ ಇಡೀ ಬಯಲು ತಿರುಗಿ ನೋಡಿತು. ಹಲಗೆಯ ಹತ್ತಿರ ಕಾಗದ ಹಿಡಿದು ನಿಂತಿದ್ದ ನನ್ನ ಹೆಂಡತಿಯೂ ನೋಡಿದಳು.

ಬಂದೂಕು ಯಾಕೆ ಮುಟ್ಟಿದೆ ಎಂದು ಅವರು ಕೇಳಿದರು. ಸುತ್ತ ನಾಲ್ಕೈದು ಜನ ನಿಂತಿದ್ದರು. ನನಗೆ ಪರ್ತ್‌ನ ಸೋಮವಾರಗಳು ಕಣ್ಣಿಗೆ ಕಟ್ಟಿದವು. ಬಂದೂಕಿಗೆ ನಮಸ್ಕಾರ ಮಾಡುವ ಇಂಡಿಯನ್ ಎಂಬ ಕಥೆ ಎಷ್ಟು ಕಾಫಿಗಳಿಗೆ ಸಾಲುತ್ತದೆ ಎಂದು ಲೆಕ್ಕ ಹಾಕುತ್ತಲೇ, ಖಾಲಿಯಿದೆಯಾ ಎಂದು ಪರೀಕ್ಷಿಸುತ್ತಿದ್ದೆ ಎಂದುಬಿಟ್ಟೆ.

ಅಷ್ಟರಲ್ಲಿ ಅವಳು ಏದುಸಿರು ಬಿಡುತ್ತಾ ಬಂದಳು. ತನ್ನ ಇಂಗ್ಲಿಷಿನಲ್ಲಿ, ತಡವರಿಸದೆ, ಇವರ ಕಾಲು ತಾಗಿತು, ನಮ್ಮಲ್ಲಿ ಕಾಲು ತಾಗಿದರೆ ಹೀಗೆ ಕ್ಷಮೆ ಕೇಳುತ್ತೇವೆ, ಬೇರೇನೂ ಇಲ್ಲ ಎಂದು ವಿವರಿಸಿದಳು. ಅಧಿಕಾರಿಯ ಮುಖ ಸಡಿಲವಾಯಿತು. "ಹೌದಾ?" ಎಂದು ನನ್ನ ಕಡೆ ತಿರುಗಿದರು. ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು.

ನಾನು ಇಲ್ಲ ಎಂದೆ. ಅವಳು ದೂರದಲ್ಲಿದ್ದಳು, ಇಲ್ಲಿಗೆ ಹೊಸಬಳು, ಏನೋ ತಪ್ಪು ತಿಳಿದಿದ್ದಾಳೆ ಎಂದೆ. ಹೇಳುವಾಗ ಸಣ್ಣಗೆ ನಕ್ಕೆ ಕೂಡ. ಆ ನಗು ನೆನಪಾದರೆ ಈಗಲೂ ನನ್ನ ಮುಖ ನನಗೇ ಬೇಡವೆನ್ನಿಸುತ್ತದೆ.

ಹೆಂಡತಿ ಗುರಿಹಲಗೆಯ ಹತ್ತಿರ ಇರುವಾಗ ಬೇಕೆಂದೇ ಬಂದೂಕು ಮುಟ್ಟುವವನು ಮತ್ತೆ ಮೊದಲಿನಿಂದ ತರಬೇತಿ ತೆಗೆದುಕೊಳ್ಳಲಿ ಎಂದು ಹೇಳಿ ಅವರು ನನ್ನನ್ನು ಮನೆಗೆ ಕಳಿಸಿದರು. ಅವಳು ಕೈಯಲ್ಲಿದ್ದ ಕಾಗದವನ್ನು ಅಲ್ಲೇ ಕಸದ ಡಬ್ಬಿಗೆ ಹಾಕಿದಳು.

ಕಾರಿನಲ್ಲಿ ಬಹಳ ದೂರ ಬಂದ ಮೇಲೆ ಹೇಳಿದಳು, "ನಿಮ್ಮ ಕೈ ಕಣ್ಣಿಗೆ ಹೋಗಿದ್ದು ನಂಗೆ ಅಲ್ಲಿಂದ್ಲೇ ಕಾಣಿಸ್ತು."

"ಅಷ್ಟು ಜನದ ಮುಂದೆ ಹೇಗೆ ಹೇಳ್ಲಿ?"

"ನಾನು ಹೇಳಿದ್ನಲ್ಲ."

ರೈಫಲ್ ಮಾರಿಬಿಡ್ತೀನಿ ಎಂದೆ. "ಇಟ್ಕೊಳ್ಳಿ, ಪಾಪ ಅದೇನು ಮಾಡ್ತು?" ಎಂದು ಕಿಟಕಿಯತ್ತ ತಿರುಗಿದಳು.

ಅವತ್ತು ಸಂಜೆ ಸೋಫಾದಲ್ಲಿ ಕೂತು ಟಿವಿ ನೋಡುತ್ತಿದ್ದೆವು. ಕಾಲು ಚಾಚುವಾಗ ಅವಳ ಕಾಲಿಗೆ ತಾಗಿತು. ಅಭ್ಯಾಸದಂತೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಕೈ ಚಾಚಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಬೇಡ ಬಿಡಿ," ಎಂದಳು. "ಯಾರಾದ್ರೂ ನೋಡ್ಬಿಟ್ಟಾರು."

ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ.