ಇಟ್ಟದ್ದು ಇಟ್ಟವರದು

ನಮ್ಮ ಮನೆಯೊಡತಿಯ ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿ ಜೋತುಬಿದ್ದಿತ್ತು. ವರ್ಷಗಟ್ಟಲೆ ತೂಕದ ಬೆಂಡೋಲೆ ಹಾಕಿದ್ದರ ಫಲ. ಹರಿದ ಮೇಲೂ ಓಲೆ ಬಿಡಲಿಲ್ಲ. ಕಿವಿಯ ಮೇಲಿಂದ ಕರಿದಾರ ಹಾಯಿಸಿ ಇಳಿಬಿಟ್ಟುಕೊಳ್ಳುತ್ತಿದ್ದರು. ಸಿಟ್ಟಿನಲ್ಲಿ ತಲೆ ಕೊಡವಿದರೆ ಬಲಗಿವಿಯದು ಸುಮ್ಮನಿರುತ್ತಿತ್ತು, ಎಡಗಿವಿಯದು ತೂಗಾಡುತ್ತಿತ್ತು. ಸಿಟ್ಟು ಅವರಿಗೆ ದಿನವೂ ಬರುತ್ತಿತ್ತು.

ನಾರಾಯಣಪೇಟೆಯಲ್ಲಿ ಅವರ ಮನೆಯ ಮುಂದಿನ ಎರಡು ಖೋಲಿಗಳಲ್ಲಿ ನಾವು ಬಾಡಿಗೆಗಿದ್ದೆವು. ನನ್ನವರು ಸೀರೆ ನೇಯುತ್ತಿದ್ದರು, ನಾನು ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದೆ. ಹಿಂದಿನ ಭಾಗದಲ್ಲಿ ಮನೆಯೊಡತಿ, ಅವರ ಮಗ, ಸೊಸೆ. ಮಗನಿಗೆ ಪೇಟೆಯಲ್ಲಿ ಸೀರೆ ಅಂಗಡಿ. ಊರವರು ಆ ಮನೆಯವರನ್ನು ಸಾವಕಾರ್ರು ಎನ್ನುತ್ತಿದ್ದರು. ಒಡತಿಯನ್ನು ನಾವೆಲ್ಲ ಅವ್ವಾರು ಎನ್ನುತ್ತಿದ್ದೆವು.

ಅವ್ವಾರು ಸುಲಭದ ಹೆಂಗಸಲ್ಲ. ಬಾವಿಯಲ್ಲಿ ಒಂದು ಕೊಡ ಹೆಚ್ಚು ಸೇದಿದರೆ ಕಿಟಕಿಯಿಂದ ಕೆಮ್ಮುತ್ತಿದ್ದರು. ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ, "ಗ್ವಾಡಿ ಅಳತೈತಿ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಒಂದು ದಿನವೂ ಚಹಾ ಕುಡಿಯಲಿಲ್ಲ. ಆದರೆ ಒಂದು ಮಳೆಗಾಲ ನಮ್ಮ ಖೋಲಿ ಸೋರಿ ಮಗ್ಗದ ಹಾಸುನೂಲು ನೆನೆಯುವ ಹಾಗಾದಾಗ, ಮಗ ನಾಳೆ ನೋಡೋಣವೆಂದರೂ ಕೇಳದೆ ಆಳುಗಳನ್ನು ಕರೆಸಿ, ಸೆರಗು ತಲೆಗೆ ಹಾಕಿಕೊಂಡು ಏಣಿಯ ಬುಡದಲ್ಲೇ ನಿಂತು ಮಾಳಿಗೆಗೆ ಮಣ್ಣು ಹಾಕಿಸಿದರು. ಕೈಮುಗಿಯಲು ಹೋದ ನನ್ನನ್ನು ತಡೆದು, "ಬಾಡಿಗಿ ತಗೊಂಡ ಮ್ಯಾಲ ಸೋರೋದು ನಮ್ಮ ಮನಿ, ನಿಮ್ಮದಲ್ಲ. ಕೈ ಯಾಕ ಮುಗೀತಿ?" ಎಂದರು.

ನಾವು ಆ ಮನೆಗೆ ಬಂದಾಗ ಅವರ ಯಜಮಾನರು ಇದ್ದರು. ನನ್ನ ತವರಿನ ಬಂಗಾರ ಮಾರಿ ಅವರ ಕೈಗೆ ಠೇವಣಿ ಕೊಟ್ಟಿದ್ದೆವು. ಮಗ್ಗಕ್ಕೆ ಕಾಲಿಳಿಬಿಡಲು ಗುಂಡಿ ಬೇಕಲ್ಲ, ಎಲ್ಲಿ ತೋಡಲಿ ಎಂದು ನನ್ನವರು ಕೇಳಿದಾಗ ಯಜಮಾನರು ಯೋಚಿಸಲೂ ಇಲ್ಲ, ಕಿಟಕಿಯ ಪಕ್ಕ ನೆಲಕ್ಕೆ ಹಾಸಿದ್ದ ಬಂಡೆಗಲ್ಲುಗಳನ್ನು ತೋರಿಸಿದರು. ಕಲ್ಲು ಎಬ್ಬಿಸಿ ಅಗೆದರೆ ಮಣ್ಣು ಬೂದಿಯಂತೆ ಮೆತ್ತಗಿತ್ತು. ನಮ್ಮ ಅದೃಷ್ಟವೆಂದುಕೊಂಡೆವು.

ಯಜಮಾನರು ತೀರಿಕೊಂಡರು. ತೆಲಂಗಾಣ ರಾಜ್ಯವಾದ ವರ್ಷ ನಮ್ಮ ಬಾಡಿಗೆ ಕರಾರಿನ ಅವಧಿಯೂ ಮುಗಿಯಿತು. ಮಗ ಬಂದು ಬಾಗಿಲಲ್ಲಿ ನಿಂತ. ಹಳೆಯ ಕರಾರು ಆಂಧ್ರದ ಬಾಂಡ್ ಕಾಗದದ ಮೇಲಿದೆ, ರಾಜ್ಯವೇ ಬದಲಾಗಿರುವಾಗ ಅದು ನಡೆಯುವುದಿಲ್ಲ, ಹೊಸ ಕರಾರಿಗೆ ಹೊಸ ಠೇವಣಿ ಕೊಡಬೇಕು ಎಂದ. ಹಾಗಾದರೆ ಹಳೆಯದು ಎಂದು ನನ್ನವರು ಕೇಳಿದರು. ನೀವು ನೆಲ ಅಗೆದು ಕೆಡಿಸಿದ್ದೀರಿ, ಗುಂಡಿ ಮುಚ್ಚಿಸಿ ಬಂಡೆ ಹಾಸಿ ಸುಣ್ಣ ಹೊಡೆಸುವುದಕ್ಕೇ ಅದು ಸರಿಹೋಗುತ್ತದೆ ಎಂದ. ಒಪ್ಪದಿದ್ದರೆ ಖಾಲಿ ಮಾಡಬೇಕಂತೆ.

ಮಗ್ಗದ ಮೇಲಿನ ಹಾಸು ಅರ್ಧ ನೇಯ್ದಾಗಿತ್ತು. ಲಗ್ನದ ಸೀರೆಗಳು, ಗದ್ವಾಲದ ವ್ಯಾಪಾರಿಗೆ ಒಪ್ಪಿಕೊಂಡದ್ದು. ಮಾರಲು ನನ್ನ ಮೈಮೇಲೆ ತಾಳಿ ಬಿಟ್ಟು ಬಂಗಾರವಿರಲಿಲ್ಲ. ನನ್ನವರು ಊಟ ಬಿಟ್ಟರು. ಮಕ್ತಲದಲ್ಲಿದ್ದ ನನ್ನ ಅಣ್ಣನನ್ನು ಕೇಳೋಣವೆಂದರೆ ಅವನದೂ ಬಾಡಿಗೆಯ ಬದುಕು. ಕೊನೆಗೆ ನಾನೇ ಹಿತ್ತಲಿಗೆ ಹೋದೆ. ಅವ್ವಾರು ತೊಗರಿಬೇಳೆ ಹಸನು ಮಾಡುತ್ತಿದ್ದರು. ಎಲ್ಲ ಹೇಳಿದೆ. ಮೊರದಿಂದ ಕಣ್ಣೆತ್ತಲಿಲ್ಲ. ಕಾಗದ ಬರೆಯುವ ದಿನ ತನ್ನನ್ನು ಕರೆಯಬೇಕೆಂದಷ್ಟೇ ಹೇಳಿ, ನಾನು ಇನ್ನೂ ನಿಂತಿದ್ದಕ್ಕೆ ಗದರಿದರು.

ಕರಾರು ಬರೆಯುವವರನ್ನು ಮಗನೇ ಕರೆತಂದ. ನಮ್ಮ ಖೋಲಿಯಲ್ಲೇ ಚಾಪೆ ಹಾಸಿ ಕೂತರು. ಮಗನ ಅಂಗಡಿಯ ಇಬ್ಬರು ಸಾಕ್ಷಿಗೆಂದು ಬಂದಿದ್ದರು. ನಾನು ಕರೆದೊಡನೆ ಅವ್ವಾರು ಬಂದರು, ಚಾಪೆಯ ಮೇಲೆ ಕೂರಲಿಲ್ಲ. ಸೀದಾ ಮಗ್ಗದ ಬಳಿ ಹೋದರು. ಗುಂಡಿಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ತುಳಿಮಣೆಯ ಮೇಲೆ ಪಾದ ಇಟ್ಟರು. ಬಲಗಾಲು, ಎಡಗಾಲು ಎಂದು ಒಂದು ಸಲ ತುಳಿದರು. ನೂಲಿನ ಎಳೆಗಳು ಬಾಯಿ ತೆರೆದು ಮುಚ್ಚಿದವು. ಅದು ಕಲಿಯದ ಕಾಲಿಗೆ ಬರುವ ಕೆಲಸವಲ್ಲ. ನನ್ನವರು ಎದ್ದು ನಿಂತುಬಿಟ್ಟರು.

"ಈ ಗುಂಡಿ ಇವ್ರು ತೋಡಿದ್ದಲ್ಲ" ಎಂದರು ಅವ್ವಾರು, ಮಗನ ಮುಖ ನೋಡಿ. "ಇಲ್ಲಿ ನಮ್ಮತ್ತಿ ನೇಯ್ತಿದ್ಲು. ಆಮ್ಯಾಲ ನಾ ನೇಯ್ದೀನಿ. ನೀ ಹೊಟ್ಟ್ಯಾಗ ಇದ್ದಾಗೂ ಇಲ್ಲೇ ಕುಂತೀನಿ. ಅಂಗಡಿ ಇಟ್ಟ ಮ್ಯಾಲ ನಿಮ್ಮಪ್ಪ ಮುಚ್ಚಿ ಬಂಡಿಗಲ್ಲು ಹಾಕಿಸಿದ. ಇವ್ರು ಮಣ್ಣು ತಗದಾರ, ಅಷ್ಟ."

ಮಗನ ಮುಖ ಕೆಂಪಾಯಿತು. ತಮ್ಮದು ತಲೆಮಾರುಗಳಿಂದ ಸಾವಕಾರ ಮನೆತನವೆಂದು ಅವನು ಪೇಟೆಯಲ್ಲೆಲ್ಲ ಹೇಳಿಕೊಂಡಿದ್ದ; ಅಂಗಡಿಯ ಆಳುಗಳೆದುರೇ ಅದು ಮುಗಿದುಹೋಯಿತು. ಅವ್ವಾರಿಗೂ ಸುಲಭವಿರಲಿಲ್ಲ. ಇಷ್ಟು ವರ್ಷ ನಮ್ಮ ಮಗ್ಗದ ಸದ್ದು ಕೇಳುತ್ತ ಆಚೆ ಗೋಡೆಯ ಹಿಂದೆ ಕೂತಿದ್ದವರು, ತಾವೂ ನೇಯ್ದವರೆಂದು ಒಂದು ಸಲವೂ ಹೇಳಿರಲಿಲ್ಲ.

ಮಗ ಸಣ್ಣ ದನಿಯಲ್ಲಿ, ಗುಂಡಿಯ ಮಾತು ಹೋಗಲಿ, ಅಪ್ಪ ತೆಗೆದುಕೊಂಡ ಅಡ್ವಾನ್ಸ್ ಖರ್ಚಾಗಿ ಹೋಗಿದೆ, ತಾನೆಲ್ಲಿಂದ ತರಲಿ ಎಂದ.

"ಅಡ್ವಾನ್ಸ್ ಅಲ್ಲಪ್ಪ, ಅಮಾನತ್. ನಮ್ಮ ಕಡೆ ಇಟ್ಟಾರ. ಇಟ್ಟದ್ದು ಇಟ್ಟವರದು. ನಿಮ್ಮಪ್ಪ ಹೋದ, ಮನಿ ನಿನಗ ಬಂತು. ಮನಿ ಬಂದ್ಮ್ಯಾಲ ಅಮಾನತ್ತೂ ನಿನ್ನ ತಲಿಮ್ಯಾಲ ಬಂತು. ರಾಜ್ಯ ಬದಲಾದ್ರ ಮಂದಿ ಇಟ್ಟ ರೊಕ್ಕ ಬದಲಾಕ್ಕೈತೇನು?"

ಬರೆಯುವವರು ಪೆನ್ನು ಹಿಡಿದು ಮಗನನ್ನೇ ನೋಡುತ್ತಿದ್ದರು. ಅವನು ಬರೆಯಿರಿ ಎಂಬಂತೆ ಕೈ ಮಾಡಿದ. ಹಳೆಯ ಠೇವಣಿ ಅಷ್ಟೂ ಹೊಸ ಕರಾರಿಗೆ ಮುಂದುವರಿದಿದೆ, ಖಾಲಿ ಮಾಡುವ ದಿನ ಹಿಂದಿರುಗಿಸತಕ್ಕದ್ದು, ವಾಸದಿಂದ ಸಹಜವಾಗಿ ಆಗುವ ಸವೆತಕ್ಕೆ ಕಡಿತವಿಲ್ಲ ಎಂದು ಬರೆಸಿದ ಮೇಲೆಯೇ ಅವ್ವಾರು ಗುಂಡಿಯಿಂದ ಕಾಲು ತೆಗೆದದ್ದು. ಬಾಡಿಗೆ ಮಾತ್ರ ಸ್ವಲ್ಪ ಏರಿತು. ಅದನ್ನು ಇಳಿಸಲು ನಾನು ಬಾಯಿ ತೆರೆದೆ. "ಅದು ಅವನ ಹಕ್ಕು, ಸುಮ್ಮನಿರು" ಎಂದು ನನ್ನನ್ನೂ ಕೂರಿಸಿದರು. ಎಲ್ಲರೂ ಹೋದ ಮೇಲೆ ನನ್ನವರು ಅನ್ನ ಕೇಳಿದರು. ಬಡಿಸುತ್ತ ನನಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಕೆಲವು ವರ್ಷಗಳ ನಂತರ ಕೆಲಸ ಸಿಕ್ಕಿತೆಂದು ಗದ್ವಾಲಕ್ಕೆ ಹೊರಟೆವು. ಮಗ ಯಾವ ತಕರಾರೂ ಇಲ್ಲದೆ ಠೇವಣಿ ಪೂರ್ತಿ ತಂದುಕೊಟ್ಟ. ಅವ್ವಾರು ಮಾತ್ರ ಖಾಲಿ ಖೋಲಿಗಳನ್ನು ಸುತ್ತಿ ಗೋಡೆಗಳನ್ನು ನೋಡಿಯೇ ನಮ್ಮನ್ನು ಬಿಟ್ಟರು. ಮರುವರ್ಷ ಜಾತ್ರೆಯೂ ಹಬ್ಬವೂ ಅಲ್ಲದ ಒಂದು ದಿನ ಫೋನು ಬಂತು, ಅವ್ವಾರು ಹೋದರೆಂದು. ಮಾಡಿದವನು ಮಗನೇ.

ನಾವು ಅವರ ಮಣ್ಣು ಮಾಡುವ ಹೊತ್ತಿಗೆ ಹೋದೆವು. ನಮ್ಮನ್ನು ಕಂಡ ದೂರದ ನೆಂಟರೊಬ್ಬರು, ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು. ಬಾಡಿಗೆಯವರು ಎಂದೆ. ಹಾಗೆ ಹೇಳಲು ನನಗೆ ಸಣ್ಣತನವೆನ್ನಿಸಲಿಲ್ಲ. ಮಗಳೆಂದು ಅವರು ನನ್ನನ್ನು ಒಂದು ದಿನವೂ ಕರೆದವರಲ್ಲ. ಬಾಡಿಗೆಯವಳೆಂದೇ ಕಂಡರು, ಬಾಡಿಗೆಯವಳಿಗೆ ಸಲ್ಲಬೇಕಾದದ್ದನ್ನು ಒಂದಿಷ್ಟೂ ಉಳಿಸಿಕೊಳ್ಳದೆ ಸಲ್ಲಿಸಿ ಹೋದರು.