ಲುಡ್ವಿಕಾಳ ಒಂಟಿಕಾಲು

ಕ್ರಾಕೂಫಿನ ದೊಡ್ಡ ಚೌಕದಲ್ಲಿ ಹೂ ಮಾರುವ ಲುಡ್ವಿಕಾಳ ಬಾಯಿಗೆ ಹೆದರದವರಿಲ್ಲ. ಶಾಲೆಯ ಕೊನೆಯ ಪರೀಕ್ಷೆಗೆ ಮುಂಚೆ ಹುಡುಗರು ಬಂದು, ಚೌಕದಲ್ಲಿ ನಿಂತ ಕಂಚಿನ ಕವಿಯ ಸುತ್ತ ಒಂಟಿಕಾಲಲ್ಲಿ ಕುಪ್ಪಳಿಸುವುದು ಊರಿನ ವಾಡಿಕೆ. ಅಂಕ ಒಂದರಿಂದ ಆರರವರೆಗೆ; ಎಷ್ಟು ಸುತ್ತೋ ಅಷ್ಟು ಅಂಕ ಎಂಬ ನಂಬಿಕೆ. ನಡುವೆ ಕಾಲು ಊರಿದರೆ ಎಲ್ಲ ಹಾಳು. "ಓದೋದು ಬಿಟ್ಟು ಕುಂಟ್ತಾವೆ ನೋಡು ಕೋತಿಗಳು," ಎಂದು ಲುಡ್ವಿಕಾ ವರ್ಷವರ್ಷವೂ ಛೇಡಿಸುತ್ತಿದ್ದಳು.

ಈಗ ಅರವತ್ತು ದಾಟಿದ ಮೇಲೆ ಆಕೆಯೇ ಆ ಪರೀಕ್ಷೆಗೆ ಕಟ್ಟಿದ್ದಳು. ತಾಯಿ ಹಾಸಿಗೆ ಹಿಡಿದು ಅಂಗಡಿ ಹೆಗಲಿಗೆ ಬಿದ್ದಾಗ ಬಿಟ್ಟ ಓದು ಅದು. ಪಾಸಾದವರಿಗೆಲ್ಲ ಹೂಗುಚ್ಛ ಕಟ್ಟಿಕೊಟ್ಟೂ ಕೊಟ್ಟೂ ಪಾಪ, ಹೊಟ್ಟೆ ಉರಿದುಹೋಗಿತ್ತು. ಉಳಿದದ್ದು ಹೇಗೋ ಆದೀತು, ನಾಳೆಯ ಗಣಿತ ಮಾತ್ರ ತಲೆಗೇ ಹತ್ತದು. ಕುಪ್ಪಳಿಸದೆ ಗತಿಯಿಲ್ಲ. ಆದರೆ ಪಕ್ಕದ ಅಂಗಡಿಯ ಬ್ರಿಗಿದಾ ನೋಡಿಬಿಟ್ಟರೆ? ಬಕೆಟ್ಟು ಇಡುವ ಗೇಣು ಜಾಗಕ್ಕಾಗಿ ಇಬ್ಬರದೂ ಹಾವು ಮುಂಗುಸಿಯ ಬಾಳು.

ಲುಡ್ವಿಕಾ ಉಪಾಯ ಹೂಡಿದಳು. ಗಂಟೆಗೊಮ್ಮೆ ಚರ್ಚಿನ ಗೋಪುರದಿಂದ ಕಹಳೆ ಊದುತ್ತಾರೆ. ಆಗ ಚೌಕವೆಲ್ಲ ಕತ್ತೆತ್ತಿ ಮೇಲೆ ನೋಡುತ್ತದೆ. ಕಹಳೆ ಶುರುವಾದದ್ದೇ ತಡ, ಲಂಗ ಎತ್ತಿ ಹಿಡಿದು ಕುಪ್ಪಳಿಸತೊಡಗಿದಳು. ಆ ರಾಗ ಎಂದೂ ಪೂರ್ತಿಯಾಗುವುದಿಲ್ಲ, ಹಳೆಯ ವಾಡಿಕೆಯಂತೆ ನಡುವೆಯೇ ತಟ್ಟನೆ ಕಡಿದುಹೋಗುತ್ತದೆ ಎಂಬುದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಗಾಬರಿಯಲ್ಲಿ ಅದೇ ಮರೆತುಹೋಗಿತ್ತು.

ರಾಗ ಕಡಿಯಿತು. ಜನ ಕತ್ತು ಇಳಿಸಿದರು. ಅರ್ಧ ಸುತ್ತಿನಲ್ಲಿ ಲುಡ್ವಿಕಾ ಕೊಕ್ಕರೆಯಂತೆ ನಿಂತಿದ್ದಳು. ಕಾಲು ಊರಿದರೆ ಗಣಿತ ಹೋಯಿತು, ಕುಪ್ಪಳಿಸಿದರೆ ಮಾನ ಹೋಯಿತು. ಮಾನವೇ ಹೋಗಲಿ ಎಂದು ಕುಪ್ಪಳಿಸಿದಳು. ಏದುಸಿರು ಬಿಡುತ್ತ ಸುತ್ತು ಮುಗಿಸಿದರೆ ಎದುರಿಗೇ ಬ್ರಿಗಿದಾ.

"ಯಾರೋ ಕೋತಿ ಅಂತಿದ್ರಪ್ಪ," ಎಂದಳು ಬ್ರಿಗಿದಾ.

"ಅನ್ನು, ಅನ್ನು. ಕಾಲು ಇಳಿಸಿ ಬಂದು ಉತ್ತರ ಹೇಳ್ತೀನಿ."

"ಇಳಿಸ್ಬೇಡ ಕಣೇ! ಒಂದು ಸುತ್ತಿಗೆ ಒಂದೇ ಅಂಕ, ಅದು ಫೇಲು. ಪಾಸಿಗೆ ಎರಡು ಬೇಕು. ಹಿಡ್ಕೋ ನನ್ನ ಹೆಗಲು."

"ನಿಂಗ್ಯಾಕೆ ಈ ಉಸಾಬರಿ?"

"ನೀನು ಫೇಲಾದ್ರೆ ವರ್ಷವೆಲ್ಲ ಗೊಣಗೋದು ನನ್ನ ಕಿವೀಲೇ ತಾನೆ?"

ಹೀಗೆಂದು ಬ್ರಿಗಿದಾ ತಾನೂ ಒಂದು ಕಾಲೆತ್ತಿದಳು. ಇಬ್ಬರು ಮುದುಕಿಯರು ಕವಿಯನ್ನು ಸುತ್ತಿದರು, ಒಬ್ಬರನ್ನೊಬ್ಬರು ಬೈದುಕೊಂಡೇ.

ಬೇಸಿಗೆಯಲ್ಲಿ ಫಲಿತಾಂಶ ಬಂತು. ಗಣಿತ ಕೂದಲೆಳೆಯಲ್ಲಿ ಪಾಸು. "ಆ ಪಾಸಿನಲ್ಲಿ ಅರ್ಧ ನನ್ನ ಕಾಲಿಂದು," ಎಂದು ಬ್ರಿಗಿದಾ ಬಂದ ಗಿರಾಕಿಗೆಲ್ಲ ಹೇಳುತ್ತಾಳೆ. ಬಾಯಿಜೋರಿನ ಲುಡ್ವಿಕಾ ತನ್ನ ಬಕೆಟ್ಟನ್ನು ಗೇಣು ಹಿಂದಕ್ಕೆ ಸರಿಸಿಕೊಂಡಿದ್ದಾಳೆ.